ಗುರುವಾರದ ಬೆಂಚು

ಬೆಳಗಿನ ಮೊದಲ ಕೆಂಪು ಬಸ್ಸು ಆರೋಗ್ಯ ಕೇಂದ್ರದೆದುರಿನ ಹುಣಸೆಮರದ ಕೆಳಗೆ ಬಂದು ನಿಂತರೆ ಯಾರೂ ಧಡಕ್ಕನೆ ಇಳಿಯುವುದಿಲ್ಲ. ಮೊದಲು ಒಂದು ಊರುಗೋಲು ಕೆಳಗಿಳಿದು ನೆಲ ಮುಟ್ಟಿ ನೋಡುತ್ತದೆ. ಆಮೇಲೆ ಗಾಜಿನ ಬಳೆಯ ಒಂದು ಕೈ ಬಾಗಿಲ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಅದರ ಹಿಂದೆ ಸೆರಗು ಸಿಕ್ಕಿಸಿದ ಒಬ್ಬರು ಅಜ್ಜಿ, ಅವರ ಹಿಂದೆ ಇನ್ನೊಬ್ಬರು, ಅವರ ಹೆಗಲು ಹಿಡಿದುಕೊಂಡು ಮತ್ತೊಬ್ಬರು. ಕಂಡಕ್ಟರ್ ಸೀಟಿ ಊದದೆ ಕಾಯುತ್ತಾನೆ. "ನಿಧಾನ ಕಣಜ್ಜಿ, ಬಸ್ಸೇನೂ ಓಡೋಗಲ್ಲ" ಎನ್ನುತ್ತಾನೆ. ಗುರುವಾರದ ಮಟ್ಟಿಗೆ ಈ ನಿಲ್ದಾಣಕ್ಕೆ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆಂದು ಡ್ರೈವರಿಗೂ ಗೊತ್ತು, ಒಳಗೆ ಕೂತ ಕಾಲೇಜು ಹುಡುಗರಿಗೂ ಗೊತ್ತು.

ಇದು ತಿಪಟೂರಿನ ಕಡೆಯ ತೆಂಗಿನ ಸೀಮೆ. ಎತ್ತ ನೋಡಿದರೂ ತೋಟ, ತೋಟದ ನಡುವೆ ಮನೆ, ಮನೆಯ ಅಟ್ಟದಲ್ಲಿ ಸದ್ದಿಲ್ಲದೆ ಒಣಗುತ್ತಿರುವ ಕಾಯಿ. ಕಾಯಿ ಅಟ್ಟಕ್ಕೇರಿ ಹೆಚ್ಚುಕಡಿಮೆ ವರ್ಷ ಕಳೆದ ಮೇಲೆ ಕೊಬ್ಬರಿಯಾಗಿ ಇಳಿಯುತ್ತದೆ. ಅಷ್ಟು ಕಾಯುವ ತಾಳ್ಮೆ ಇಲ್ಲಿನ ಜನರಿಗೆ ಹುಟ್ಟಿನಿಂದ ಬಂದದ್ದು. ಬಸ್ಸಿನಿಂದ ಇಳಿದವರ ಮೈ ನೋಡಿದರೆ ಅವರು ಏನು ಕೆಲಸ ಮಾಡಿ ಬದುಕಿದರೆಂದು ಓದಿಕೊಳ್ಳಬಹುದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ಒತ್ತಿ ಸಿಪ್ಪೆ ಬಿಡಿಸಿದ ತಾತನ ಬಲಭುಜ ಎಡದಕ್ಕಿಂತ ಕೆಳಗಿದೆ. ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದ ಅಜ್ಜಿಯ ಮಂಡಿಗಳು ಹೊರಕ್ಕೆ ಬಾಗಿವೆ. ಸೌದೆ ಒಲೆಯ ಮುಂದೆ ಆಯಸ್ಸು ಕಳೆದವರ ಉಸಿರಿನಲ್ಲಿ ಸಣ್ಣದೊಂದು ಸುಯ್ ಸದ್ದು.

ಬನ್ನಿ, ಈ ಬೆಂಚಿನ ತುದಿಯಲ್ಲಿ ನಾವೂ ಕೂತುಕೊಳ್ಳೋಣ. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿಲ್ಲ. ಅದರ ವಾಸನೆಯ ಮೇಲೆ ಎಲೆಯಡಿಕೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮಂಡಿಗೆ ತಿಕ್ಕಿದ ನೋವಿನೆಣ್ಣೆ, ಇವೆಲ್ಲ ಒಂದರ ಮೇಲೊಂದು ಬಂದು ಕೂತಿವೆ. ಬೆಂಚಿನ ಮೇಲೊಮ್ಮೆ ಕೈಯಾಡಿಸಿ. ಗೋಡೆ ಬದಿಯ ಹಳೆಯ ಬೆಂಚು ತೀರ ತಗ್ಗು, ಕೂತರೆ ಏಳಲು ಇನ್ನೊಬ್ಬರು ಎತ್ತಬೇಕು. ನಾವು ಕೂತ ಈ ಬೆಂಚು ಮಂಡಿಗಿಂತ ತುಸು ಎತ್ತರ, ಎರಡೂ ಕಡೆ ಕೈಯೂರಲು ಹಿಡಿ ಇದೆ. ಹಿಡಿಯ ಬಣ್ಣ ಸವೆದು ಕಬ್ಬಿಣ ಮಿರಮಿರ ಹೊಳೆಯುತ್ತಿದೆ. ಎಷ್ಟು ಅಂಗೈಗಳು ಅದನ್ನು ಒತ್ತಿ ಎದ್ದಿವೆಯೋ! ಹೊರಗಿನ ಮೂರು ಮೆಟ್ಟಿಲ ಪಕ್ಕ ಇಳಿಜಾರಿನ ದಾರಿಯೊಂದಿದೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ಲೆಕ್ಕ ಹಿಡಿದು ಕಟ್ಟಿದ್ದು. ಈ ಲೆಕ್ಕ ತಪ್ಪಿಸಿ ಕಡಿದಾಗಿ ಕಟ್ಟಿದ ಇಳಿಜಾರುಗಳು ನಾಡಿನ ಕಚೇರಿಗಳ ಮುಂದೆ ಬೇಕಾದಷ್ಟಿವೆ, ಅವುಗಳ ಮೇಲೆ ಬೈಕು ಮಾತ್ರ ಹತ್ತುತ್ತದೆ. ಇಲ್ಲಿ ಕಂಬಿ ಹಿಡಿದುಕೊಂಡು ತಾತಂದಿರೇ ಹತ್ತಿ ಬರುತ್ತಿದ್ದಾರೆ.

ತಾತಂದಿರು ಎಂದೆ, ಆದರೆ ಸಾಲಿನಲ್ಲಿ ಅವರು ಕಡಿಮೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಗಂಡಸರಿಗೆ 60 ದಾಟಿದ ಮೇಲೆ ಟಿಕೆಟ್ಟಿನಲ್ಲಿ ಶೇಕಡಾ 25 ರಿಯಾಯಿತಿ ಉಂಟು, ಉಳಿದದ್ದನ್ನು ಕೊಡಲೇಬೇಕು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯಲ್ಲಿ ತಿಂಗಳು ತೂಗಿಸುವವರಿಗೆ ಬಸ್ಸಿನ ದುಡ್ಡೂ ಲೆಕ್ಕಕ್ಕೆ ಬರುವ ದುಡ್ಡೇ. ಮುಂಚೆ ಮಗನೋ ಮೊಮ್ಮಗನೋ ಬಿಡುವು ಮಾಡಿಕೊಂಡು ಬೈಕಿನಲ್ಲಿ ಕೂರಿಸಿಕೊಂಡು ಬರುವ ತನಕ ನೋವು ನುಂಗಿಕೊಂಡಿರುತ್ತಿದ್ದ ಅಜ್ಜಿಯರು ಈಗ ಆಧಾರ್ ಕಾರ್ಡನ್ನು ಸೊಂಟದ ಸಂಚಿಗೆ ಸೇರಿಸಿ ತಾವೇ ಹೊರಟುಬಿಡುತ್ತಾರೆ. ಯಾರನ್ನೂ ಕೇಳದೆ ಆಸ್ಪತ್ರೆಗೆ ಬರುವುದು ಅವರಿಗೆ ಎಂಥ ದೊಡ್ಡ ಮಾತು ಎಂಬುದನ್ನು ಬೆಂಚಿನಲ್ಲಿ ಕೂತ ಒಬ್ಬರು ತಾವಾಗಿಯೇ ಹೇಳುತ್ತಾರೆ: "ಈಗ ಯಾರ ಕಾಲೂ ಹಿಡಿಯಂಗಿಲ್ಲ ಕಣವ್ವ. ನನ್ ಕಾಯ್ಲೆ, ನನ್ ಬಸ್ಸು."

ಚೀಟಿ ಬರೆಯುವ ಕಿಟಕಿಯಲ್ಲಿ ಇಂದು ಎರಡು ಸಾಲು. ಕೆಮ್ಮು, ನೆಗಡಿ, ಗಾಯದ ಸಾಲು ಎಂದಿನಂತೆ ಓಡುತ್ತದೆ. ಇನ್ನೊಂದು ಸಾಲು ಕೂತೇ ಇರುತ್ತದೆ, ಅದರ ಬಳಿಗೆ ಸಿಸ್ಟರೇ ಎದ್ದು ಬರುತ್ತಾರೆ. ದೇಶದಲ್ಲಿ ವಯೋವೃದ್ಧರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮ 2010–11ರಲ್ಲಿ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ದಿನ ಹಿರಿಯರ ಕ್ಲಿನಿಕ್, ಜಿಲ್ಲಾಸ್ಪತ್ರೆಯಲ್ಲಿ ಅವರಿಗೆಂದೇ ಹತ್ತು ಹಾಸಿಗೆಯ ವಾರ್ಡು ಇರಬೇಕೆಂಬುದು ಅದರ ಯೋಜನೆ. ಕಾಗದದ ಮೇಲಿನ ಆ ಒಂದು ದಿನ ಇಲ್ಲಿ ಗುರುವಾರವಾಗಿ, ಗುರುವಾರವೆಂಬುದು ಈ ಬೆಂಚಾಗಿ ಬೆಳೆದಿದೆ.

ಸಿಸ್ಟರ್ ರಟ್ಟೆಗೆ ಪಟ್ಟಿ ಸುತ್ತುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಬಸ್ಸಿಳಿದು ಏದುಸಿರು ಬಿಡುವಾಗ ನೋಡಿದ ಬಿ.ಪಿ. ಸುಳ್ಳು ಹೇಳುತ್ತದೆ. ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡುವ ಮೊದಲು ಅವರು ಕೇಳುವ ಪ್ರಶ್ನೆ ಒಂದೇ: "ಏನಾದ್ರೂ ತಿಂದ್ರಾ?" ರಕ್ತ ಪರೀಕ್ಷೆ ಎಂದರೆ ಬರಿಹೊಟ್ಟೆಯಲ್ಲಿ ಬರಬೇಕೆಂದು ಯಾರೋ ಎಂದೋ ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡು, ಆದರೆ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ ಬರುವವರಿದ್ದಾರೆ. ಮಾತ್ರೆ ಒಳಗೆ, ಅನ್ನ ಹೊರಗೆ. ಸಕ್ಕರೆ ಸರ್ರನೆ ಇಳಿದು ಬೆವರು ಬಿಟ್ಟು ಕಣ್ಣು ಕತ್ತಲಾಗುವುದು ಆಗಲೇ. ಅದಕ್ಕೇ ಸಿಸ್ಟರ ಡ್ರಾಯರಿನಲ್ಲಿ ಥರ್ಮಾಮೀಟರಿನ ಪಕ್ಕ ಸಕ್ಕರೆ ಡಬ್ಬಿಯೂ ಬಿಸ್ಕತ್ತಿನ ಪೊಟ್ಟಣವೂ ಇರುತ್ತವೆ.

ಇನ್ನು ನೆಲದ ಮೇಲಿನ ಆ ಎರಡು ಸುಣ್ಣದ ಗೆರೆ ನೋಡಿ. ನಡುವೆ ಮೂರು ಮೀಟರ್ ಅಂತರ. ಮೊದಲ ಗೆರೆಯ ಮೇಲೊಂದು ಕುರ್ಚಿ. ಭುಜ ವಾಲಿದ ಆ ತಾತ ಕುರ್ಚಿಯಿಂದೆದ್ದು, ಎರಡನೇ ಗೆರೆ ತನಕ ನಡೆದು, ತಿರುಗಿ ಬಂದು ಕೂರಬೇಕು. ಸಿಸ್ಟರ್ ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಾರೆ. ತಾತ ಮೊದಲು ಪಂಚೆ ಸರಿ ಮಾಡಿಕೊಳ್ಳುತ್ತಾರೆ, ಬೆಂಚಿನತ್ತ ಒಮ್ಮೆ ನೋಡುತ್ತಾರೆ, ಕೈಯೂರದೆ ಏಳಲು ನೋಡಿ ಆಗದೆ ಕೈಯೂರಿ ಏಳುತ್ತಾರೆ. ಹೋಗುವಾಗ ಚೆನ್ನಾಗಿಯೇ ಹೋದರು. ತಿರುಗುವಾಗ ನಾಲ್ಕೈದು ಪುಟ್ಟ ಹೆಜ್ಜೆ ಎತ್ತಿಟ್ಟರು, ಒಂದು ಕಾಲು ಇನ್ನೊಂದನ್ನು ಕೇಳಿಕೊಂಡು ಹೆಜ್ಜೆಯಿಟ್ಟ ಹಾಗೆ. ಹದಿನಾರು ಸೆಕೆಂಡು. ಹನ್ನೆರಡು ದಾಟಿದರೆ ಬೀಳುವ ಭಯ ಹೆಚ್ಚು ಎಂದು ಲೆಕ್ಕ. ಯಂತ್ರವಿಲ್ಲ, ರಕ್ತವಿಲ್ಲ, ದುಡ್ಡಿಲ್ಲ. ಮೂರು ಮೀಟರ್ ನೆಲ ಮತ್ತು ನೋಡುವ ಕಣ್ಣು ಸಾಕು. "ಈ ವರ್ಷ ಬಿದ್ದಿದ್ರಾ ತಾತ?" ಎಂದರೆ "ಇಲ್ಲ" ಎನ್ನುತ್ತಾರೆ. ಬೆಂಚಿನಿಂದ ಅವರ ಹೆಂಡತಿ ದನಿಯೇರಿಸುತ್ತಾರೆ: "ಬಚ್ಚಲಲ್ಲಿ ಬಿದ್ದಿದ್ದು ಬೀಳದಲ್ವಾ?"

ಬೀಳುವುದನ್ನು ಮುಚ್ಚಿಡುವುದು ಹಿರಿಯರ ಹಳೆಯ ಅಭ್ಯಾಸ. ಬಿದ್ದೆ ಎಂದರೆ ಮಕ್ಕಳು ತೋಟಕ್ಕೆ ಹೋಗಬೇಡ ಎನ್ನುತ್ತಾರೆ, ಕೈಯಿಂದ ದುಡ್ಡು ಕಾಸಿನ ವ್ಯವಹಾರ ಕಿತ್ತುಕೊಳ್ಳುತ್ತಾರೆ. ಆದ್ದರಿಂದ ಈ ಪ್ರಶ್ನೆಯನ್ನು ಕೇಳುವ ದನಿ ಮುಖ್ಯವಾಗುತ್ತದೆ. ಕೇಳಿ ಸುಮ್ಮನೆ ಕಾಯಬೇಕಾಗುತ್ತದೆ.

ಒಳಗಿನ ಕೋಣೆಗೆ ಹೋಗೋಣ, ಡಾಕ್ಟ್ರಮ್ಮ ಬೇಡವೆನ್ನುವುದಿಲ್ಲ. ಅವರ ಮೇಜಿನೆದುರು ಒಬ್ಬರು ಅಜ್ಜಿ ಪ್ಲಾಸ್ಟಿಕ್ ಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. "ಚೀಲ ಸುರೀರಿ ಅಜ್ಜಿ, ನೋಡಣ."

"ಎಲ್ಲಾ ತಂದಿದೀನಿ ಕಣವ್ವ. ಇಲಿ ಕಚ್ಚಿದ್ದೂ ತಂದಿದೀನಿ."

ಮೇಜಿನ ಮೇಲೆ ಮಾತ್ರೆಗಳ ರಾಶಿ ಬೀಳುತ್ತದೆ. ಬೆಳ್ಳಿ ಬಣ್ಣದ ಪಟ್ಟಿಗಳು, ಅರ್ಧ ಕತ್ತರಿಸಿದವು, ಕಾಗದದ ಕವರಿನೊಳಗಿನ ಬಿಡಿ ಮಾತ್ರೆ, ತಳದಲ್ಲಿ ಒಂದು ಹುಣಸೆಬೀಜ. ಡಾಕ್ಟ್ರಮ್ಮ ಒಂದೊಂದನ್ನೇ ಎತ್ತಿ ಹಿಡಿದು ಎಲ್ಲಿಯದು ಎಂದು ಕೇಳುತ್ತಾರೆ. ಇದು ಇಲ್ಲಿಂದ ಕೊಟ್ಟ ಬಿ.ಪಿ. ಮಾತ್ರೆ, ಅಮ್ಲೋಡಿಪಿನ್. ಇದು ಬೆಂಗಳೂರಿನ ಮಗನ ಮನೆಗೆ ಹೋದಾಗ ಅಲ್ಲಿನ ಡಾಕ್ಟರು ಬರೆದುಕೊಟ್ಟದ್ದು. ಹೊದಿಕೆಯ ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಅದೇ ಅಮ್ಲೋಡಿಪಿನ್. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದಾರೆ. ಮೂರನೆಯದು ಮೆಡಿಕಲ್ ಸ್ಟೋರಿನವರು ಮಂಡಿಗೆಂದು ಕೊಟ್ಟ ನೋವಿನ ಮಾತ್ರೆ. ಬಿ.ಪಿ. ಏರಿಸಬಲ್ಲದ್ದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದ್ದು, ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ತರಬಲ್ಲದ್ದು.

"ಬೆಳಗ್ಗೆ ಎದ್ದ ತಕ್ಷಣ ತಲೆ ಗಿರ್ರ್ ಅಂತೈತೆ ಅಂದ್ರಲ್ಲ, ಒಂದೀಟು ಮಲಕ್ಕಳಿ." ಮಲಗಿದಾಗ ಮೇಲಿನ ಅಂಕಿ 142. ಎಬ್ಬಿಸಿ ನಿಲ್ಲಿಸಿ, ಒಂದು ಕೈ ಅಜ್ಜಿಯ ಬೆನ್ನ ಹಿಂದಿಟ್ಟುಕೊಂಡೇ ಮೂರು ನಿಮಿಷ ಬಿಟ್ಟು ನೋಡಿದಾಗ 114. ಎದ್ದು ನಿಂತಾಗ ಇಪ್ಪತ್ತಕ್ಕಿಂತ ಹೆಚ್ಚು ಇಳಿದರೆ ತಲೆ ಸುತ್ತುತ್ತದೆ, ರಾತ್ರಿ ಬಚ್ಚಲಿಗೆ ಎದ್ದವರು ಹೊಸ್ತಿಲಲ್ಲಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಕೂತಾಗ ಮಾತ್ರ ಬಿ.ಪಿ. ನೋಡಿ ಕಳಿಸಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಡಾಕ್ಟ್ರಮ್ಮ ಹೊಸ ಮಾತ್ರೆಯೇನನ್ನೂ ಬರೆಯುವುದಿಲ್ಲ. ಎರಡನ್ನು ತೆಗೆದು ಪಕ್ಕಕ್ಕಿಡುತ್ತಾರೆ, ಮಂಡಿಗೆ ಬಿಸಿ ಶಾಖ, ತೊಡೆಯ ಸ್ನಾಯು ಬಿಗಿಮಾಡುವ ವ್ಯಾಯಾಮ, ತೀರ ನೋವಾದರೆ ಪ್ಯಾರಾಸಿಟಮಾಲ್ ಎನ್ನುತ್ತಾರೆ. ಹಾಸಿಗೆಯಿಂದ ಏಳುವಾಗ ಮೊದಲು ಕಾಲು ಇಳಿಬಿಟ್ಟು ಕೂತು, ಸ್ವಲ್ಪ ಹೊತ್ತು ಬಿಟ್ಟು ನಿಲ್ಲಬೇಕೆಂದು ತಾವೇ ಮಾಡಿ ತೋರಿಸುತ್ತಾರೆ. ಮಾತ್ರೆ ಕಡಿಮೆಯಾದದ್ದಕ್ಕೆ ಅಜ್ಜಿಗೆ ಸಮಾಧಾನವಿಲ್ಲ. "ಇಷ್ಟೇನಾ?" ಎಂದು ಎರಡು ಸಲ ಕೇಳುತ್ತಾರೆ. ಕಡಿಮೆ ಔಷಧಿಯೂ ಚಿಕಿತ್ಸೆಯೇ ಎಂದು ಒಪ್ಪಿಸುವುದಕ್ಕೆ ಬರೆದುಕೊಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತು ಇಲ್ಲಿ ಸಿಗುತ್ತದೆ. ಹಿರಿಯರಿಗಾಗಿ ರೂಪಿಸಿದ ಆರೋಗ್ಯ ಸೇವೆಯ ತಿರುಳು ನನ್ನ ಮಟ್ಟಿಗೆ ಈ ಹೊತ್ತೇ. ಮಿಕ್ಕದ್ದೆಲ್ಲ ಅದರ ಸುತ್ತ ಕಟ್ಟಿಕೊಂಡದ್ದು.

ಮುಂದಿನವರು ಕಿವಿ ಮಂದವಾದ ಮೇಷ್ಟ್ರು, ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಅವರು ಬರುತ್ತಿದ್ದಂತೆ ಡಾಕ್ಟ್ರಮ್ಮ ಫ್ಯಾನು ನಿಲ್ಲಿಸಿ, ಕುರ್ಚಿಯನ್ನು ಬೆಳಕಿಗೆ ಎಳೆದುಕೊಂಡು ಮುಖಾಮುಖಿ ಕೂರುತ್ತಾರೆ. ಕೂಗುವುದಿಲ್ಲ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ದನಿಯನ್ನು. ಕೂಗಿದರೆ ದನಿ ಇನ್ನೂ ಕೀರಲಾಗುತ್ತದೆ. ತಗ್ಗಿದ ದನಿಯಲ್ಲಿ, ಬಿಡಿಸಿ ಬಿಡಿಸಿ, ತುಟಿ ಕಾಣುವ ಹಾಗೆ ಹೇಳಿದರೆ ಮೇಷ್ಟ್ರು ಎಲ್ಲಕ್ಕೂ ಉತ್ತರಿಸುತ್ತಾರೆ. "ಮನೇಲಿ ಯಾರೂ ಹೀಗೆ ಮಾತಾಡಲ್ಲಮ್ಮ. ಒಂದೋ ಕಿರುಚುತ್ತಾರೆ, ಇಲ್ಲಾ ಬಿಟ್ಟುಬಿಡ್ತಾರೆ" ಎನ್ನುವಾಗ ಅವರ ಮುಖದಲ್ಲಿ ದೂರಿನ ಸುಳಿವಿಲ್ಲ, ಬರೀ ವಿಷಯ ತಿಳಿಸುವ ಮೇಷ್ಟ್ರ ಗಾಂಭೀರ್ಯ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಆಗಿದೆ, ಕನ್ನಡಕ ಸಿಕ್ಕಿದೆ, ಪೇಪರು ಓದುತ್ತಾರಂತೆ. ಕಿವಿಗೆ ಮಾತ್ರ ಈ ಕಟ್ಟಡದಲ್ಲಿ ಏನೂ ಇಲ್ಲ, ಜಿಲ್ಲಾಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಅಲ್ಲಿಗೆ ಎರಡು ಬಸ್ಸು.

ಹೊರಗೆ ಬಂದರೆ ಬೆಂಚಿನಲ್ಲಿ ಗುಸುಗುಸು. ಯಾರ ಮನೆಯ ಹಸು ಕರು ಹಾಕಿತು, ಕೊಬ್ಬರಿ ರೇಟು ಎಲ್ಲಿಗೆ ಬಂತು, ಯಾರ ಮಗ ಬೆಂಗಳೂರಿನಿಂದ ಯುಗಾದಿಗೂ ಬರಲಿಲ್ಲ. ಒಬ್ಬರು ಸೊಂಟದ ಸಂಚಿ ಬಿಚ್ಚಿ ಎಲೆ ಕೊಡುತ್ತಾರೆ, ಇನ್ನೊಬ್ಬರು ಶುಗರಿನ ಅಂಕಿಯನ್ನು ಪರೀಕ್ಷೆಯ ಮಾರ್ಕ್ಸಿನಂತೆ ಹೇಳಿಕೊಳ್ಳುತ್ತಾರೆ. ತೋಟದ ಮನೆಗಳಲ್ಲಿ ಒಬ್ಬೊಬ್ಬರೇ ಉಳಿದುಕೊಂಡವರಿಗೆ ಮಾತ್ರೆಯಷ್ಟೇ ಈ ಮಾತೂ ಬೇಕು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಎರಡು ನಂಬರುಗಳಿವೆ: ಹಿರಿಯರ ಸಹಾಯವಾಣಿ 14567, ಮನಸ್ಸಿನ ನೋವಿಗೆ ಟೆಲಿ ಮಾನಸ್ 14416. ಅವನ್ನು ಯಾರೂ ಬರೆದುಕೊಳ್ಳುತ್ತಿಲ್ಲ, ಆದರೆ ಸಿಸ್ಟರು "ರಾತ್ರಿ ನಿದ್ದೆ ಬತ್ತದಾ? ಮಾತಾಡಕ್ ಯಾರಿದಾರೆ?" ಎಂದು ಕೇಳಿದಾಗ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಪಕ್ಕದವರೆಲ್ಲ ಕಂಡೂ ಕಾಣದಂತಿರುತ್ತಾರೆ.

ಇನ್ನೊಂದು ಸಂಗತಿ ಬರೆಯಲು ಸಂಕೋಚವಾದರೂ ಬರೆಯಬೇಕು. ಇಲ್ಲಿಗೆ ಬರುವ ಅಜ್ಜಿಯರಲ್ಲಿ ಎಷ್ಟೋ ಜನ ಬೆಳಗಿನಿಂದ ಒಂದು ಲೋಟ ನೀರು ಕುಡಿದಿರುವುದಿಲ್ಲ. ಬಸ್ಸಿನಲ್ಲಿ, ಸಾಲಿನಲ್ಲಿ ಒಂದಕ್ಕೆ ಹೋಗಬೇಕೆನಿಸಿದರೆ ಏನು ಗತಿ ಎಂಬ ಭಯ. ಹೃದಯಕ್ಕೆಂದು, ಕಾಲೂತಕ್ಕೆಂದು ಕೊಟ್ಟ ‘ನೀರು ಹೋಗುವ ಮಾತ್ರೆ’ಯನ್ನೂ ಆಸ್ಪತ್ರೆಗೆ ಬರುವ ದಿನ ನುಂಗುವುದಿಲ್ಲ. ಹಾಗಾಗಿ ಡಾಕ್ಟರು ನೋಡುವ ದಿನದ ಮೈ, ಮನೆಯಲ್ಲಿರುವ ದಿನದ ಮೈ ಎರಡೂ ಬೇರೆ. ಇಲ್ಲಿ ಹಿಂದಿನ ಪಡಸಾಲೆಯಲ್ಲಿ ಕೂರುವ ಕಮೋಡು ಹಾಕಿಸಿ, ಪಕ್ಕದ ಗೋಡೆಗೆ ಹಿಡಿಕಂಬಿ ಬಡಿಸಿದ್ದಾರೆ. ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯಲು ಬರುತ್ತದೆ. ಹೊಸಬರು ಬಂದರೆ ಬೆಂಚಿನ ಹಳಬರು ಮೊದಲು ತೋರಿಸುವುದೇ ಆ ಬಾಗಿಲನ್ನು. ಆಮೇಲೆ ಕುಡಿಯುವ ನೀರಿನ ಕೊಳಾಯಿಯ ಮುಂದೆ ತಾನಾಗಿ ಸಾಲು ಬೆಳೆಯುತ್ತದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಬೇರೆ ದೇಶಗಳ ಹಿರಿಯರನ್ನೇ ಕೂರಿಸಿ ಕೇಳಿ ಹಿರಿಯಸ್ನೇಹಿ ಆರೋಗ್ಯ ಕೇಂದ್ರ ಹೇಗಿರಬೇಕೆಂದು ಬರೆದಿಟ್ಟಿತು. ಸಿಬ್ಬಂದಿಯ ತರಬೇತಿ, ಕೇಂದ್ರ ನಡೆಸುವ ರೀತಿ, ಕಟ್ಟಡದ ಅನುಕೂಲ ಎಂಬ ಮೂರು ಅದರ ಆಧಾರ. ಈ ಕೊಳಾಯಿಯ ಮುಂದೆ ಆ ಮೂರೂ ಒಟ್ಟಿಗೆ ಕಾಣುತ್ತವೆ.

ಔಷಧಿ ಕಿಟಕಿಯವರ ಕೆಲಸ ನೋಡಲು ಚೆಂದ. ಓದು ಬಾರದವರ ಕವರಿನ ಮೇಲೆ ಪೆನ್ನಿನಲ್ಲಿ ಏಳುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬರೆಯುತ್ತಾರೆ. ಊಟಕ್ಕೆ ಮುಂಚೆ ಎಂದರೆ ಖಾಲಿ ತಟ್ಟೆ, ಆದಮೇಲೆ ಎಂದರೆ ಮುದ್ದೆಯಿರುವ ತಟ್ಟೆ. ಮಾತ್ರೆಯ ಪಟ್ಟಿಯನ್ನು ಹೆಸರಿರುವ ಕಡೆ ಕತ್ತರಿಸುವುದಿಲ್ಲ. ತಿಂಗಳ ಮಾತ್ರೆ ಒಟ್ಟಿಗೇ ಕೊಡುತ್ತಾರೆ.

ಆದರೆ ಎಲ್ಲ ಗುರುವಾರವೂ ಹೀಗಿರುವುದಿಲ್ಲ. ಸ್ಟಾಕು ಮುಗಿದ ವಾರವಿದೆ, ಡಾಕ್ಟರು ಮೀಟಿಂಗಿಗೆ ಹೋದ ವಾರವಿದೆ. ಯುವಕರಿಗೆ "ನಾಳೆ ಬನ್ನಿ" ಎಂದರೆ ಒಂದು ಗಂಟೆಯ ನಷ್ಟ. ಎಪ್ಪತ್ತೈದರ ಮಂಡಿಗೆ ಅದು ಒಂದಿಡೀ ದಿನ, ಮತ್ತೊಂದು ದಿನದ ನೋವು. ಎರಡು ಸಲ ಹೀಗಾದರೆ ಮೂರನೆಯ ಸಲ ಅವರು ಬರುವುದಿಲ್ಲ, ಮಾತ್ರೆಯೂ ನಿಲ್ಲುತ್ತದೆ. ಊರಿಂದೂರಿಗೆ ಈ ಗುರುವಾರದ ಬೆಲೆ ಒಂದೇ ಅಲ್ಲ. ವಾರದ ಹಿರಿಯರ ದಿನ ಗೋಡೆಯ ಬೋರ್ಡಿನಲ್ಲಿ ಮಾತ್ರ ಉಳಿದಿರುವ ಕಡೆಯೂ ಇದೆ. ದೇಶದಲ್ಲಿ 60 ದಾಟಿದವರು 2011ರ ಜನಗಣತಿಯಲ್ಲೇ 10 ಕೋಟಿ 38 ಲಕ್ಷ ಇದ್ದರು. 2017–18ರಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ನಡೆಸಿದ ರಾಷ್ಟ್ರೀಯ ಅಧ್ಯಯನದ ಪ್ರಕಾರ ಹಿರಿಯರಲ್ಲಿ ನಾಲ್ವರಿಗೆ ಮೂವರು ಯಾವುದಾದರೊಂದು ದೀರ್ಘಕಾಲದ ಕಾಯಿಲೆ ಹೊತ್ತವರು. 70 ದಾಟಿದ ಎಲ್ಲರಿಗೂ ಐದು ಲಕ್ಷ ರೂಪಾಯಿಯ ಆಸ್ಪತ್ರೆ ವಿಮೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ತಂದಿತು. ಒಳ್ಳೆಯದೇ. ಆದರೆ ಅದು ಬಿದ್ದು ಮೂಳೆ ಮುರಿದು ಆಸ್ಪತ್ರೆ ಸೇರಿದ ಮೇಲಿನ ಹಣ. ಬೀಳದಂತೆ ನೋಡಿಕೊಳ್ಳುವ ಮೂರು ಮೀಟರ್ ನೆಲಕ್ಕೂ ಅಷ್ಟೇ ಮುತುವರ್ಜಿ ಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೆಂಚಿನ ತನಕ ಬರಲಾಗದವರೂ ಇದ್ದಾರೆ. ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುಮಾಡಿತು. ಅದಕ್ಕೂ ಮೊದಲಿನಿಂದ ಈ ತೋಟಗಳ ಕಾಲುದಾರಿ ತಿಳಿದವರು ಆಶಾ ಕಾರ್ಯಕರ್ತೆಯರೇ. ಬಿಸಿಲು ಇಳಿಮುಖವಾದಾಗ ಅವರಲ್ಲೊಬ್ಬರ ಹಿಂದೆ ಹೊರಡೋಣ. ಬದುವಿನ ಮೇಲೆ ಒಣಗಿದ ಗರಿ ಕಾಲಿಗೆ ಸಿಕ್ಕಿ ಚರಚರ ಎನ್ನುತ್ತದೆ. ಹೆಂಚಿನ ಮನೆಯ ನಡುಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ ತಾಯಿ, ಪಕ್ಕದಲ್ಲಿ ಸೊಸೆ. ಹಾಸಿಗೆ ಮಡಿಯಾಗಿದೆ, ಕೂದಲು ಬಾಚಿದೆ. ಮಗ್ಗುಲು ತಿರುಗಿಸಿದರೆ ಸೊಂಟದ ಹಿಂದೆ ರೂಪಾಯಿಯಗಲ ಕೆಂಪು. ಬೆರಳಿನಿಂದ ಒತ್ತಿದರೂ ಬಿಳಿಯಾಗುತ್ತಿಲ್ಲ. ಹಾಸಿಗೆ ಹುಣ್ಣು ಶುರುವಾಗುವುದು ಹೀಗೆಯೇ.

"ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು ಕಣಕ್ಕ."

"ನಾನು ಒಂಬತ್ತಕ್ಕೆ ಕೂಲಿಗೆ ಹೋದ್ರೆ ಐದಕ್ಕೆ ಬರದು. ಯಾರು ಮಾಡ್ತಾರೆ?"

ಆಶಾ ಜಗಲಿಯ ಮೇಲೆ ಕೂತು ರಿಜಿಸ್ಟರಿನ ಕೊನೆಯ ಹಾಳೆ ತೆಗೆಯುತ್ತಾರೆ. ಹೊರಡುವ ಮೊದಲು ಸೊಸೆ. ಹನ್ನೊಂದಕ್ಕೆ ಪಕ್ಕದ ಮನೆಯ ಅತ್ತಿಗೆ, ಅವರು ಹಾಲು ಕೊಡಲು ಹೇಗೂ ಬರುತ್ತಾರೆ. ಒಂದಕ್ಕೆ ತೋಟದಿಂದ ಊಟಕ್ಕೆ ಬರುವ ಮಗ, ಅವನಿಗೆ ಇವತ್ತೇ ಕಲಿಸಬೇಕು. ನಾಲ್ಕೂವರೆಗೆ ಶಾಲೆಯಿಂದ ಮೊಮ್ಮಗಳು. ಮೂರು ಗಂಟೆಯ ಜಾಗ ಖಾಲಿ ಉಳಿಯುತ್ತದೆ. ಹಿತ್ತಲಿನಾಚೆಯ ಮನೆಯವರನ್ನು ಕೇಳೋಣವೆಂದು ಒಬ್ಬರು, ಅವರು ಮೇಕೆ ಬಿಟ್ಟುಕೊಂಡು ಹೋಗುತ್ತಾರೆ ಎಂದು ಇನ್ನೊಬ್ಬರು. ಇಬ್ಬರೂ ಬೀದಿಯ ಒಂದೊಂದು ಮನೆಯ ಹೆಸರು ಹೇಳಿಕೊಂಡು ಹೋಗುತ್ತಾರೆ, ಒಳಗಿನಿಂದ ತಾಯಿ ತೊದಲು ಮಾತಿನಲ್ಲಿ ತನಗೆ ಆಗುವವರ ಹೆಸರೊಂದನ್ನು ಸೇರಿಸುತ್ತಾರೆ.